ಹೊಗಳಿಕೆಯೊಳಗೊಂದು ಅನುಮಾನ: ‘ವರ್ಚುಯೋಸೊ’ ಎಂಬ ಪದದ ಕಥೆ

ಇಂಗ್ಲಿಷಿನಲ್ಲಿ ಸಂಗೀತಗಾರರ ಬಗ್ಗೆ ಬರೆಯುವವರಿಗೆ ಬಲು ಪ್ರಿಯವಾದ ಪದವೊಂದಿದೆ: ವರ್ಚುಯೋಸೊ. ಸಿತಾರ್ ವರ್ಚುಯೋಸೊ, ವೀಣಾ ವರ್ಚುಯೋಸೊ, ಪಿಯಾನೊ ವರ್ಚುಯೋಸೊ. ವಾದ್ಯದ ಹೆಸರಿನ ಪಕ್ಕದಲ್ಲಿ ಇದನ್ನು ಕೂರಿಸಿಬಿಟ್ಟರೆ ಕಲಾವಿದನ ಎತ್ತರ ಎಷ್ಟೆಂದು ಓದುಗನಿಗೆ ತಿಳಿಯಿತೆಂದೇ ಲೆಕ್ಕ. ಸಂಗೀತದ ಕುರಿತ ಬರಹಗಳನ್ನು ಆಗಾಗ ಕನ್ನಡಕ್ಕೆ ತರುವ ನನಗೆ ಮಾತ್ರ ಈ ಪದ ಬಂದಲ್ಲೆಲ್ಲ ಕೈ ನಿಲ್ಲುತ್ತದೆ. ‘ವಿದ್ವಾಂಸ’ ಎಂದು ಬರೆದರೆ ಅದು ತಿಳಿವಿನ ಮಾತಾಯಿತು. ‘ಪ್ರತಿಭಾವಂತ’ ಎಂದರೆ ಹುಟ್ಟಿನಿಂದ ಬಂದದ್ದರ ಮಾತಾಯಿತು. ‘ಸಾಧಕ’ ಎಂದರೆ ಪಟ್ಟ ಪಾಡಿನ ಮಾತಾಯಿತು. ‘ಪ್ರವೀಣ’ ಹತ್ತಿರ ಬರುತ್ತದೆ, ಆದರೆ ಅಡುಗೆಯಲ್ಲೂ ಪ್ರವೀಣರಿದ್ದಾರೆ, ಇಸ್ಪೀಟಿನಲ್ಲೂ ಇದ್ದಾರೆ. ನಿಘಂಟು ತೆರೆದರೆ ‘ಕಲಾನಿಪುಣ’ ಎಂಬಂಥ ಅರ್ಥ ಸಿಗುತ್ತದೆ. ಅದು ತಪ್ಪಲ್ಲ, ಆದರೆ ಇಂಗ್ಲಿಷ್ ವಾಕ್ಯದಲ್ಲಿ ಆ ಪದ ಮಾಡುತ್ತಿದ್ದ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ಆ ಕೆಲಸ ಯಾವುದೆಂದು ಹುಡುಕುತ್ತ ಹೋದಾಗ ನನಗೆ ಎರಡು ಸಂಗತಿಗಳು ಕಂಡವು. ಒಂದು, ಈ ಪದ ಇಂಗ್ಲಿಷಿಗೆ ಬಂದು ನಾಲ್ಕು ಶತಮಾನಗಳಾದವು. ಅದರಲ್ಲಿ ಮೊದಲ ನೂರು ನೂರೈವತ್ತು ವರ್ಷ ಅದಕ್ಕೂ ಪಿಟೀಲಿಗೂ ಹೆಚ್ಚಿನ ಸಂಬಂಧವೇ ಇರಲಿಲ್ಲ. ಎರಡು, ಅರ್ಥ ಎಷ್ಟು ಬದಲಾದರೂ ಒಂದು ಗುಣ ಅದನ್ನು ಬಿಡಲಿಲ್ಲ. ಹೊಗಳುವಾಗಲೇ ತುಸು ಅನುಮಾನಿಸುವ ಗುಣ ಅದು. ಈ ಎರಡನೆಯದೇ ಮುಖ್ಯ. ಒಬ್ಬರ ಕೌಶಲವನ್ನು ಮೆಚ್ಚುವಾಗ ನಾವು ನಿಜಕ್ಕೂ ಏನನ್ನು ಮೆಚ್ಚುತ್ತಿದ್ದೇವೆ ಎಂಬ ಪ್ರಶ್ನೆ ಈ ಪದದೊಳಗೆ ನಾಲ್ಕು ನೂರು ವರ್ಷಗಳಿಂದ ಕುಳಿತಿದೆ.

ಬೇರಿನಿಂದ ಶುರುಮಾಡೋಣ. ಲ್ಯಾಟಿನ್ನಿನಲ್ಲಿ ‘ವಿರ್’ ಎಂದರೆ ಗಂಡಸು. ನಮ್ಮ ‘ವೀರ’ ಶಬ್ದ ಇದರ ದಾಯಾದಿ, ಎರಡೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ‘ವಿರ್’ನಿಂದ ‘ವಿರ್ಟೂಸ್’ ಹುಟ್ಟಿತು. ಪುರುಷನಿಂದ ಪೌರುಷ ಹುಟ್ಟಿದ ಹಾಗೆ. ಮೊದಲು ರಣರಂಗದ ಧೈರ್ಯ, ಆಮೇಲೆ ಯಾವುದೇ ಬಗೆಯ ಶ್ರೇಷ್ಠತೆ, ಆಮೇಲೆ ಒಳ್ಳೆಯತನ ಎಂದು ಅದರ ಅರ್ಥ ಹರಡಿತು. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ‘ವರ್ಚ್ಯೂ’ ಮುಖ್ಯವಾಗಿ ಒಳ್ಳೆಯತನದ ಅರ್ಥವನ್ನು ಉಳಿಸಿಕೊಂಡಿತು, ಸದ್ಗುಣವಾಯಿತು. ಇಟಲಿಯ ‘ವಿರ್ತೂ’ ಹಾಗಾಗಲಿಲ್ಲ. ಮೆಕಿಯಾವೆಲಿ 1513ರ ಹೊತ್ತಿಗೆ ‘ದಿ ಪ್ರಿನ್ಸ್’ ಬರೆದಾಗ ಅರಸನಿಗೆ ಬೇಕಾದ ‘ವಿರ್ತೂ’ ಬಗ್ಗೆ ಮತ್ತೆ ಮತ್ತೆ ಹೇಳುತ್ತಾನೆ. ಅವನು ಹೇಳುವುದು ಸಜ್ಜನಿಕೆಯಲ್ಲ. ಹೊತ್ತು ಅರಿತು ಕೆಲಸ ಸಾಧಿಸುವ ಕಸುವು. ಒಂದೇ ತಾಯಿಯ ಎರಡು ಮಕ್ಕಳು ಹೀಗೆ ಬೇರೆ ಬೇರೆ ದಾರಿ ಹಿಡಿದವು: ಒಂದು ಶೀಲದ ಕಡೆಗೆ, ಇನ್ನೊಂದು ಸಾಮರ್ಥ್ಯದ ಕಡೆಗೆ.

ಆ ಸಾಮರ್ಥ್ಯ ಉಳ್ಳವನೇ ‘ವಿರ್ತುಓಸೊ’. 16ನೆಯ ಶತಮಾನದ ಇಟಲಿಯಲ್ಲಿ ಕವಿ, ವಾಸ್ತುಶಿಲ್ಪಿ, ಪಂಡಿತ, ಚಿತ್ರಕಾರ ಯಾರನ್ನಾದರೂ ಹಾಗೆ ಕರೆಯಬಹುದಿತ್ತು. 1540ರ ದಶಕದಲ್ಲಿ ರೋಮಿನಲ್ಲಿ ಹುಟ್ಟಿದ ಕಲಾವಿದರ ಸಂಘವೊಂದರ ಹೆಸರೇ ‘ಪ್ಯಾಂಥಿಯನ್ನಿನ ವಿರ್ತುಓಸಿ’ಗಳ ಸಂಘ. ಅದರಲ್ಲಿದ್ದವರು ಚಿತ್ರಕಾರರು, ಶಿಲ್ಪಿಗಳು, ಕಟ್ಟಡ ಕಟ್ಟಿಸುವವರು. ಕೈಯಲ್ಲಿ ಕೆಲಸ ಮಾಡುವವರಿಗೂ ತಲೆಯಲ್ಲಿ ಕೆಲಸ ಮಾಡುವವರಿಗೂ ಆ ಪದದ ಅಡಿಯಲ್ಲಿ ಒಂದೇ ಪಂಕ್ತಿಯಲ್ಲಿ ಎಲೆ ಹಾಕುತ್ತಿದ್ದರು.

ಇಂಗ್ಲೆಂಡಿಗೆ ಬಂದಾಗ ಆ ಪಂಕ್ತಿ ಒಡೆಯಿತು. 17ನೆಯ ಶತಮಾನದ ಆರಂಭದಲ್ಲಿ ಇಟಲಿ ಪ್ರವಾಸ ಮುಗಿಸಿ ಬಂದ ಶ್ರೀಮಂತರ ಬಾಯಲ್ಲಿ ಈ ಪದ ಕೇಳತೊಡಗಿತು. ಅರುಂಡೆಲ್ಲಿನ ಅರ್ಲ್ ಥಾಮಸ್ ಹೊವಾರ್ಡ್ ಗ್ರೀಸ್, ಇಟಲಿಗಳಿಂದ ಹಳೆಯ ಶಿಲ್ಪಗಳನ್ನು, ಶಾಸನಗಳನ್ನು ತರಿಸಿ ಲಂಡನ್ನಿನ ತನ್ನ ಮನೆಯಲ್ಲಿ ಜೋಡಿಸಿದ್ದ. ಅವುಗಳಲ್ಲಿ ಹಲವು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿವೆ. ಅವನ ಮಕ್ಕಳಿಗೆ ಪಾಠ ಹೇಳಿದ್ದ ಹೆನ್ರಿ ಪೀಚಮ್ ‘ದಿ ಕಂಪ್ಲೀಟ್ ಜಂಟಲ್‌ಮನ್’ ಎಂಬ ಪುಸ್ತಕ ಬರೆದ. ದೊಡ್ಡ ಮನೆತನದ ಹುಡುಗನಿಗೆ ಏನೇನು ಗೊತ್ತಿರಬೇಕು ಎಂದು ಹೇಳುವ ಪುಸ್ತಕ ಅದು. ಅದರ 1634ರ ಆವೃತ್ತಿಗೆ ಪ್ರಾಚೀನ ವಸ್ತುಗಳ ಮೇಲೆ ಒಂದು ಅಧ್ಯಾಯ ಸೇರಿಸಿ, ಶಿಲ್ಪ, ಶಾಸನ, ನಾಣ್ಯಗಳ ಮರ್ಮ ಬಲ್ಲವರನ್ನು ಇಟಲಿಯವರು ಹೀಗೆ ಕರೆಯುತ್ತಾರೆ ಎಂದು ಓದುಗರಿಗೆ ಈ ಪದವನ್ನು ಪರಿಚಯಿಸಿದ. ಅಲ್ಲಿಗೆ ಇಂಗ್ಲಿಷಿನ ವರ್ಚುಯೋಸೊ ಯಾರೆಂಬುದು ಸ್ಪಷ್ಟವಾಯಿತು. ಅವನು ಶಿಲ್ಪ ಕೆತ್ತುವವನಲ್ಲ, ಕೊಳ್ಳುವವನು. ವಾದ್ಯ ನುಡಿಸುವವನಲ್ಲ, ಕೇಳುವವನು. ದುಡ್ಡು, ಬಿಡುವು, ಅಭಿರುಚಿ ಮೂರೂ ಇದ್ದವನು. ಆ ಕಾಲದ ಇಂಗ್ಲೆಂಡಿನಲ್ಲಿ ಸಂಬಳಕ್ಕೆ ಪಿಟೀಲು ನುಡಿಸುವವನು ಮನೆಯ ಆಳುಗಳ ಸಾಲಿನಲ್ಲಿ ನಿಲ್ಲುತ್ತಿದ್ದ. ಅವನಿಗೆ ಈ ಹೆಸರು ಕೊಡುವ ಯೋಚನೆ ಅರುಂಡೆಲ್ಲಿನಂಥವರಿಗೆ ಬರುವ ಹಾಗೇ ಇರಲಿಲ್ಲ.

1660ರಲ್ಲಿ ರಾಯಲ್ ಸೊಸೈಟಿ ಹುಟ್ಟಿದ ಮೇಲೆ ಪದದ ಅಂಗಳ ಹಿಗ್ಗಿತು. ಹಳೆಯ ನಾಣ್ಯ ಕೂಡಿಡುವವರ ಜೊತೆಗೆ ಈಗ ಗಾಳಿ ತೂಗುವವರು, ಕೀಟ ನೋಡುವವರು, ಸತ್ತ ಪ್ರಾಣಿ ಸೀಳುವವರು ಸೇರಿಕೊಂಡರು. ಅವರನ್ನೂ ಜನ ವರ್ಚುಯೋಸಿಗಳೆಂದೇ ಕರೆದರು. ಶಾಲೆಯ ಪಾಠದಲ್ಲಿ ನಾವು ‘ಬಾಯ್ಲನ ನಿಯಮ’ ಓದುತ್ತೇವಲ್ಲ, ಆ ರಾಬರ್ಟ್ ಬಾಯ್ಲ್ ಇವರಲ್ಲಿ ದೊಡ್ಡವನು. ಐರ್ಲೆಂಡಿನ ಭಾರಿ ಶ್ರೀಮಂತನೊಬ್ಬನ ಮಗ. ‘ಹುಕ್ಕನ ನಿಯಮ’ದ ರಾಬರ್ಟ್ ಹುಕ್ ಇನ್ನೊಬ್ಬ. ಅವನು ಶ್ರೀಮಂತನಲ್ಲ. ಬಾಯ್ಲನಿಗೆ ವಾಯುರೇಚಕ ಯಂತ್ರ ಮಾಡಿಕೊಟ್ಟ ಕೈ ಅವನದು. 1662ರಿಂದ ಸೊಸೈಟಿಯ ಸಭೆಗಳಲ್ಲಿ ಪ್ರಯೋಗ ಮಾಡಿ ತೋರಿಸುವ ಹೊಣೆಯೂ ಅವನದೇ. 1665ರಲ್ಲಿ ಅವನ ‘ಮೈಕ್ರೊಗ್ರಾಫಿಯಾ’ ಅಚ್ಚಾಯಿತು. ಅದರಲ್ಲಿ ಮಡಿಸಿಟ್ಟ ದೊಡ್ಡ ಹಾಳೆಯೊಂದನ್ನು ಬಿಚ್ಚಿದರೆ ಚಿಗಟವೊಂದು ಬೆಕ್ಕಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ರಾತ್ರಿ ಎರಡರವರೆಗೆ ಎಚ್ಚರವಿದ್ದು ಆ ಪುಸ್ತಕ ನೋಡಿದ್ದನ್ನು ಬರೆದುಕೊಂಡಿದ್ದಾನೆ. ಅದೇ ಪೀಪ್ಸ್ ಇನ್ನೊಂದು ಕಡೆ, ಇವರು ಕೂತು ಗಾಳಿ ತೂಗುತ್ತಾರೆ ಎಂದು ದೊರೆ ಎರಡನೆಯ ಚಾರ್ಲ್ಸ್ ನಗಾಡಿದ್ದನ್ನೂ ದಾಖಲಿಸಿದ್ದಾನೆ. ಸೊಸೈಟಿಗೆ ಸನ್ನದು ಕೊಟ್ಟವನೇ ಆ ದೊರೆ.

ಆ ನಗು ರಂಗಭೂಮಿಗೆ ಬರಲು ತಡವಾಗಲಿಲ್ಲ. 1676ರಲ್ಲಿ ಥಾಮಸ್ ಶ್ಯಾಡ್‌ವೆಲ್ ಬರೆದ ‘ದಿ ವರ್ಚುಯೋಸೊ’ ಎಂಬ ಪ್ರಹಸನ ಲಂಡನ್ನಿನಲ್ಲಿ ಆಡಿತು. ಅದರ ನಾಯಕ ಸರ್ ನಿಕೊಲಸ್ ಗಿಮ್‌ಕ್ರ್ಯಾಕ್. ನಮಗೆ ಅವನ ಮೊದಲ ದರ್ಶನ ಆಗುವಾಗ ಆತ ಮೇಜಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಈಜು ಕಲಿಯುತ್ತಿದ್ದಾನೆ. ಎದುರಿಗೆ ನೀರಿನ ಬೋಗುಣಿಯಲ್ಲೊಂದು ಕಪ್ಪೆ. ಅದು ಕಾಲು ಬಡಿದ ಹಾಗೆ ಇವನೂ ಬಡಿಯುತ್ತಾನೆ. ನೀರಿಗೆ ಯಾವಾಗ ಇಳಿಯುತ್ತೀರಿ ಎಂದರೆ, ಅದರ ಅಗತ್ಯವಿಲ್ಲ, ಈಜಿನ ತತ್ವ ತಿಳಿದರೆ ತನಗೆ ಸಾಕು ಅನ್ನುತ್ತಾನೆ. ಊರೂರಿನ ಗಾಳಿಯನ್ನು ಸೀಸೆಗಳಲ್ಲಿ ತರಿಸಿ ನೆಲಮಾಳಿಗೆಯಲ್ಲಿ ಇಟ್ಟಿದ್ದಾನೆ. ಹವಾ ಬದಲಾವಣೆ ಬೇಕೆನಿಸಿದಾಗ ಒಂದು ಸೀಸೆ ತೆರೆದರಾಯಿತು. ಹುಳಗಳ, ಜೇಡಗಳ ಅಧ್ಯಯನದಲ್ಲಿ ವರ್ಷಗಟ್ಟಲೆ ಕಳೆದವನಿಗೆ ತನ್ನ ಮನೆಯೊಳಗೆ ಏನು ನಡೆಯುತ್ತಿದೆ ಎಂಬುದೇ ಗೊತ್ತಿಲ್ಲ. ನಾಟಕದ ಕೊನೆಯ ಹೊತ್ತಿಗೆ ನೇಕಾರರು ಅವನ ಮನೆಗೆ ಮುತ್ತಿಗೆ ಹಾಕುತ್ತಾರೆ. ತಮ್ಮ ಹೊಟ್ಟೆಗೆ ಹೊಡೆಯುವ ಯಂತ್ರಮಗ್ಗವನ್ನು ಇವನೇ ಕಂಡುಹಿಡಿದ ಎಂಬುದು ಅವರ ಸಿಟ್ಟು. ಗಿಮ್‌ಕ್ರ್ಯಾಕ್ ನಡುಗುತ್ತ ಹೇಳುವ ಸಮಜಾಯಿಷಿ ಇದು: ಉಪಯೋಗಕ್ಕೆ ಬರುವ ಒಂದೇ ಒಂದು ವಸ್ತುವನ್ನೂ ನಾನು ಈವರೆಗೆ ಕಂಡುಹಿಡಿದಿಲ್ಲ!

ಹುಕ್ ಆ ನಾಟಕ ನೋಡಲು ಹೋದ. ವೇದಿಕೆಯ ಮೇಲಿದ್ದ ಗಾಳಿ, ಹುಳ, ಸೂಕ್ಷ್ಮದರ್ಶಕ ಎಲ್ಲವೂ ತನ್ನವೇ ಎಂದು ಅವನಿಗೆ ಗೊತ್ತಾಯಿತು. ಸುತ್ತಲಿನವರಿಗೂ ಗೊತ್ತಾದ ಹಾಗಿತ್ತು. ಜನ ಬೆರಳು ಮಾಡಿ ತೋರಿಸುವುದೊಂದು ಬಾಕಿ ಇತ್ತು ಎಂದು ಅಂದಿನ ದಿನಚರಿಯಲ್ಲಿ ಬರೆದು, ಆಡಿದವರನ್ನು ಬಯ್ದು, ಸೇಡು ತೀರಿಸೆಂದು ದೇವರಿಗೆ ಮೊರೆಯಿಟ್ಟಿದ್ದಾನೆ. ಅವನ ನೋವು ನನಗೆ ಅರ್ಥವಾಗುತ್ತದೆ. ಮೇಜಿನ ಮೇಲೆ ಈಜುವ ದೊಡ್ಡಮನುಷ್ಯನ ಪಾತ್ರಕ್ಕೆ ನಿಜಜೀವನದಲ್ಲಿ ಸಿಕ್ಕಿಬಿದ್ದವನು ಇಡೀ ದಿನ ಕೈಯಾರೆ ದುಡಿಯುತ್ತಿದ್ದ ಮನುಷ್ಯ. ಕೌಶಲಕ್ಕೆ ಅದರಾಚೆಯ ಒಂದು ಉಪಯೋಗ ಇರಬೇಕು, ಇಲ್ಲದಿದ್ದರೆ ಅದು ಹುಚ್ಚಾಟ ಎಂಬ ಆಪಾದನೆ ಈ ಪದಕ್ಕೆ ಅಂಟಿಕೊಂಡದ್ದು ಇಲ್ಲಿಂದ. ಮುಂದೆ ಅದು ಹುಳ ನೋಡುವವರನ್ನು ಬಿಟ್ಟು ಪಿಟೀಲು ನುಡಿಸುವವರ ಬೆನ್ನು ಹತ್ತಿತು.

ಪದದ ಪರ ವಾದ ಮಾಡಿದವರೂ ಇದ್ದರು. 1690ರಲ್ಲಿ ಬಾಯ್ಲ್ ‘ದಿ ಕ್ರಿಶ್ಚಿಯನ್ ವರ್ಚುಯೋಸೊ’ ಎಂಬ ಪುಸ್ತಕ ಪ್ರಕಟಿಸಿ, ಪ್ರಯೋಗಗಳಲ್ಲಿ ಮುಳುಗಿದವನು ಧರ್ಮದಿಂದ ದೂರವಾಗುವುದಿಲ್ಲ, ಇನ್ನೂ ಹತ್ತಿರವಾಗುತ್ತಾನೆ ಎಂದು ವಾದಿಸಿದ. ಶಾಫ್ಟ್ಸ್‌ಬರಿಯ ಅರ್ಲ್ 1711ರ ತನ್ನ ಗ್ರಂಥದಲ್ಲಿ, ಸೌಂದರ್ಯದ ನಿಜವಾದ ಅಭಿರುಚಿ ಮನುಷ್ಯನನ್ನು ಸದ್ಗುಣದ ಕಡೆಗೆ ಒಂದು ಮೆಟ್ಟಿಲು ಮೇಲೇರಿಸುತ್ತದೆ ಎಂದ. ಚಿಪ್ಪು, ಹುಳ ಕೂಡಿಡುವವರನ್ನು ಮಾತ್ರ ಕೆಳಗಿನ ಮೆಟ್ಟಿಲಲ್ಲೇ ಬಿಟ್ಟ. ಬೇರೆ ದಾರಿ ಹಿಡಿದು ಹೋಗಿದ್ದ ಆ ಎರಡು ಮಕ್ಕಳನ್ನು, ಶೀಲವನ್ನೂ ಸಾಮರ್ಥ್ಯವನ್ನೂ, ಮತ್ತೆ ಒಂದೇ ಮನೆಗೆ ಕರೆತರುವ ಪ್ರಯತ್ನ ಅದು.

ಆದರೆ ನಗುವಿನ ಎದುರು ವಾದ ಗೆಲ್ಲುವುದು ಕಷ್ಟ. 1710ರಲ್ಲಿ ಜೋಸೆಫ್ ಅಡಿಸನ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಗಿಮ್‌ಕ್ರ್ಯಾಕನ ಉಯಿಲು ಎಂದೇ ಒಂದು ಬರಹ ಹಾಕಿದ. ಹೆಂಡತಿಗೆ ಒಂದು ಪೆಟ್ಟಿಗೆ ಚಿಟ್ಟೆ, ಮಗಳಿಗೆ ಸತ್ತ ಕಂಬಳಿಹುಳು ಕೆಡದಂತೆ ಇಡುವ ವಿಧಾನ. ಹಿರಿಯ ಮಗನಿಗೆ ಆಸ್ತಿ ತಪ್ಪಿತು. ಯಾಕೆಂದರೆ ಸಾರಾಯಿಯಲ್ಲಿ ಅದ್ದಿ ಜಾಡಿಯಲ್ಲಿಟ್ಟಿದ್ದ ಪುಟ್ಟ ತಂಗಿಯ ಬಗ್ಗೆ ಅವನು ಅಗೌರವದ ಮಾತಾಡಿದ್ದ. ಸ್ಯಾಮ್ಯುಯೆಲ್ ಜಾನ್ಸನ್ ಕೂಡ ತನ್ನ ‘ರ್‍ಯಾಂಬ್ಲರ್’ ಪತ್ರಿಕೆಯಲ್ಲಿ ಕಂಡದ್ದನ್ನೆಲ್ಲ ಸಂಗ್ರಹಿಸುತ್ತ ಬಡವನಾದ ಒಬ್ಬ ವರ್ಚುಯೋಸೊನ ಕಥೆ ಹೇಳಿ, ಮುಂದಿನ ಸಂಚಿಕೆಯಲ್ಲೇ ಅಂಥವರ ಕುತೂಹಲವನ್ನು ಸಮರ್ಥಿಸಿಯೂ ಬರೆದ. ಅದೇ ಜಾನ್ಸನ್ 1755ರಲ್ಲಿ ತನ್ನ ಹೆಸರಾಂತ ನಿಘಂಟನ್ನು ಹೊರತಂದಾಗ ಈ ಪದಕ್ಕೆ ಕೊಟ್ಟ ಅರ್ಥ ಹಳೆಯ ಹಾಗೂ ನೈಸರ್ಗಿಕ ವಿಚಿತ್ರ ವಸ್ತುಗಳನ್ನು ಬಲ್ಲವನು, ಚಿತ್ರ, ಶಿಲ್ಪ, ವಾಸ್ತುಗಳಲ್ಲಿ ಆಸಕ್ತಿ ಇರುವವನು ಎಂದು. ಸಂಗೀತದ ಸುದ್ದಿಯೇ ಅಲ್ಲಿಲ್ಲ.

ನಿಘಂಟಿನಲ್ಲಿ ಇಲ್ಲದಿದ್ದರೂ ನಗರದಲ್ಲಿ ಸಂಗೀತದ ಅರ್ಥ ಆಗಲೇ ಓಡಾಡುತ್ತಿತ್ತು. ಅದನ್ನು ತಂದದ್ದು ಇಟಲಿಯ ಆಪೆರಾ. 18ನೆಯ ಶತಮಾನದ ಆರಂಭದಿಂದ ಲಂಡನ್ನಿಗೆ ಇಟಲಿಯ ಗಾಯಕ ಗಾಯಕಿಯರು ಬರತೊಡಗಿದರು. ಹೆಸರಾಂತ ಫಾರಿನೆಲ್ಲಿ 1734ರಲ್ಲಿ ಬಂದು ಮೂರು ವರ್ಷ ಊರನ್ನೇ ಮರುಳು ಮಾಡಿದ. ಇಟಲಿಯಲ್ಲಿ ಆಪೆರಾದ ಸಾಹಿತ್ಯವನ್ನು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿ ಮಾರುವ ರೂಢಿ ಇತ್ತು. ಪಾತ್ರಧಾರಿಯ ಹೆಸರಿನ ಮುಂದೆ ಅವರು ಯಾವ ದೊರೆಯ ಆಶ್ರಯದ ‘ವಿರ್ತುಓಸೊ’, ಹೆಂಗಸಾದರೆ ‘ವಿರ್ತುಓಸಾ’, ಎಂದು ಅದರಲ್ಲಿ ಸೂಚಿಸುತ್ತಿದ್ದರು. ಅಂದರೆ ಅಲ್ಲಿ ಅದು ಆಸ್ಥಾನ ವಿದ್ವಾನ್ ಎಂಬ ಹಾಗಿನ ಬಿರುದು. ಶತಮಾನದ ನಡುಭಾಗದ ಹೊತ್ತಿಗೆ ಇಂಗ್ಲಿಷರೂ ಇದೇ ಅರ್ಥದಲ್ಲಿ ಪದವನ್ನು ಬಳಸತೊಡಗಿದರು. ಒಂದು ದೊಡ್ಡ ಪಲ್ಲಟ ಸದ್ದಿಲ್ಲದೆ ಆಗಿಹೋಗಿತ್ತು. ಅರುಂಡೆಲ್ಲಿನ ಕಾಲದ ವರ್ಚುಯೋಸೊ ದುಡ್ಡು ಕೊಟ್ಟು ಕಲೆಯನ್ನು ತನ್ನ ಮನೆಗೆ ತರಿಸುತ್ತಿದ್ದ. ಈಗಿನವನು ದುಡ್ಡು ಪಡೆದು ಹಾಡುತ್ತಿದ್ದ. ಪದ ಸಭಾಂಗಣದ ಮುಂದಿನ ಸಾಲಿನಿಂದ ಎದ್ದು ವೇದಿಕೆಯನ್ನು ಹತ್ತಿತ್ತು.

ವೇದಿಕೆ ಹತ್ತಿದರೂ ಅನುಮಾನ ಜೊತೆಗೇ ಬಂತು. ಇದು ಇಂಗ್ಲಿಷರದೊಂದೇ ಅನುಮಾನವಲ್ಲ. ಜರ್ಮನಿಯ ಯೋಹಾನ್ ಕುನೌ, ಲೈಪ್ಜಿಗ್‌ನಲ್ಲಿ ಬಾಖ್‌ಗಿಂತ ಹಿಂದೆ ಅದೇ ಹುದ್ದೆಯಲ್ಲಿದ್ದವನು, 1700ರಲ್ಲಿ ‘ಸಂಗೀತದ ಅಳಲೆಕಾಯಿ ಪಂಡಿತ’ ಎನ್ನಬಹುದಾದ ಹೆಸರಿನ ಒಂದು ಕಾದಂಬರಿ ಪ್ರಕಟಿಸಿದ. ಅದರ ನಾಯಕ ಜರ್ಮನಿಯವನೇ ಆದರೂ ಇಟಲಿಯ ಮಹಾ ಕಲಾವಿದನೆಂದು ಹೇಳಿಕೊಂಡು ಊರೂರು ತಿರುಗಿ ಬೇಳೆ ಬೇಯಿಸಿಕೊಳ್ಳುವ ಸೋಗುಗಾರ. ಪುಸ್ತಕದ ಕೊನೆಯಲ್ಲಿ ಕುನೌ ನಿಜವಾದ ವರ್ಚುಯೋಸೊ ಯಾರು ಎಂದು ಬಿಡಿಸಿ ಹೇಳುತ್ತಾನೆ. ‘ನಿಜವಾದ’ ಎಂದು ಹೇಳಬೇಕಾಗಿ ಬಂತು ಎಂದರೆ ಸುಳ್ಳಿನವರು ಆಗಲೇ ಸಾಕಷ್ಟಿದ್ದರು ಎಂದರ್ಥ.

ಈ ಎಲ್ಲ ಎಳೆಗಳೂ ಒಬ್ಬ ಮನುಷ್ಯನಲ್ಲಿ ಗಂಟಾದವು. ಜಿನೋವಾದ ನಿಕೊಲೊ ಪಾಗನಿನಿ 1831ರ ಮೇ ತಿಂಗಳಲ್ಲಿ ಲಂಡನ್ನಿಗೆ ಬಂದ. ಕಿಂಗ್ಸ್ ಥಿಯೇಟರಿನ ಕಛೇರಿಗೆ ಟಿಕೆಟ್ ದರವನ್ನು ದುಪ್ಪಟ್ಟು ಮಾಡುವ ಸುದ್ದಿ ಹಬ್ಬಿದಾಗ ಪತ್ರಿಕೆಗಳು ಹರಿಹಾಯ್ದವು. ಕೊನೆಗೆ ಮಾಮೂಲು ದರಕ್ಕೆ ಇಳಿಸಿ ಜೂನ್ 3ರಂದು ಅವನು ನುಡಿಸಿದ. ಬೈದವರೇ ಬೆರಗಾದರು. ಒಂದೇ ತಂತಿಯ ಮೇಲೆ ಇಡೀ ಕೃತಿ ನುಡಿಸುತ್ತಿದ್ದ, ಕಮಾನು ನಡೆಯುತ್ತಿರುವಾಗಲೇ ಎಡಗೈ ಬೆರಳಿನಿಂದ ತಂತಿ ಮೀಟುತ್ತಿದ್ದ. ತೆಳ್ಳನೆಯ ದೇಹ, ಕರಿ ಉಡುಪು, ಬಿಳಿಚಿದ ಮುಖ. ಇವನು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ, ಸೆರೆಮನೆಯಲ್ಲಿ ಒಂದೇ ತಂತಿ ಉಳಿದಿದ್ದ ಪಿಟೀಲಿನಲ್ಲಿ ಕಲಿತವನು ಎಂದೆಲ್ಲ ಯುರೋಪಿನ ತುಂಬ ಗುಸುಗುಸು ಇತ್ತು. ಬೇರಿನಲ್ಲಿ ಸದ್ಗುಣವನ್ನು ಹೊತ್ತ ಪದ ತನ್ನ ಅತಿ ದೊಡ್ಡ ಉದಾಹರಣೆಯನ್ನು ಕಂಡದ್ದು ಸೈತಾನನ ಶಿಷ್ಯ ಎನಿಸಿಕೊಂಡವನಲ್ಲಿ! 1840ರ ಮೇ 27ರಂದು ಅವನು ನೀಸ್‌ನಲ್ಲಿ ಸತ್ತಾಗ, ಅಂತ್ಯಸಂಸ್ಕಾರದ ವಿಧಿಗಳನ್ನು ಸ್ವೀಕರಿಸದೆ ಹೋದನೆಂದು ಅಲ್ಲಿನ ಬಿಷಪ್ ಪವಿತ್ರ ಭೂಮಿಯಲ್ಲಿ ಹೂಳಲು ಒಪ್ಪಲಿಲ್ಲ. ದೇಹ ಹಲವು ಕಡೆ ಅಲೆದು 1876ರಲ್ಲಷ್ಟೇ ಪಾರ್ಮಾದ ಸ್ಮಶಾನದಲ್ಲಿ ನೆಲೆ ಕಂಡಿತು.

ಅವನ ಅತ್ಯಂತ ದೊಡ್ಡ ಅಭಿಮಾನಿಯೇ ಅವನ ಬಗ್ಗೆ ಅತ್ಯಂತ ಕಟುವಾದ ಮಾತನ್ನೂ ಬರೆದ. 1832ರಲ್ಲಿ ಪ್ಯಾರಿಸ್ಸಿನಲ್ಲಿ ಪಾಗನಿನಿಯನ್ನು ಕೇಳಿದ ಯುವಕ ಫ್ರಾಂಜ್ ಲಿಸ್ಟ್, ಪಿಟೀಲಿನಲ್ಲಿ ಅವನು ಮಾಡಿದ್ದನ್ನು ತಾನು ಪಿಯಾನೊದಲ್ಲಿ ಮಾಡಬೇಕೆಂದು ಹಟ ಹಿಡಿದು ಸಾಧನೆಗೆ ಕೂತ. ಎಂಟು ವರ್ಷಗಳ ಮೇಲೆ, ಪಾಗನಿನಿ ತೀರಿಕೊಂಡಾಗ ಬರೆದ ಲೇಖನದಲ್ಲಿ, ಅಂಥ ಶಕ್ತಿಯ ದೇವರು ‘ನಾನು’ ಎಂಬುದೇ ಆಗಿತ್ತು ಎಂಬ ಧಾಟಿಯಲ್ಲಿ ಆಕ್ಷೇಪಿಸಿದ. ಕುಲೀನತೆ ಹೊಣೆಯನ್ನು ತರುತ್ತದೆ ಎಂಬ ಫ್ರೆಂಚ್ ನಾಣ್ಣುಡಿಯನ್ನು ತಿರುಗಿಸಿ, ಪ್ರತಿಭೆ ಹೊಣೆಯನ್ನು ತರುತ್ತದೆ ಎಂದ. ಅದೇ 1840ರ ಜೂನ್‌ನಲ್ಲಿ ಲಿಸ್ಟ್ ಲಂಡನ್ನಿನಲ್ಲಿ ಒಬ್ಬನೇ ಕೂತು ನುಡಿಸಿದ ಕಾರ್ಯಕ್ರಮವನ್ನು ಜಾಹೀರಾತಿನಲ್ಲಿ ‘ರಿಸೈಟಲ್’ ಎಂದು ಕರೆದಿದ್ದರು. ಪಿಯಾನೊ ಮೇಲೆ ವಾಚನ ಮಾಡುವುದು ಹೇಗಪ್ಪಾ ಎಂದು ಜನ ತಲೆ ಕೆರೆದುಕೊಂಡರು. ಇಂದು ಪ್ರತಿ ಕಲಾಶಾಲೆಯಲ್ಲೂ ಕೇಳುವ ಆ ಪದ ಹಾಗೆ ಚಾಲ್ತಿಗೆ ಬಂತು.

ನಾಲ್ಕು ವರ್ಷಗಳ ನಂತರ, 1844ರ ಮೇ 27ರಂದು, ಲಂಡನ್ನಿನಲ್ಲೇ ಇನ್ನೊಂದು ಮಾದರಿ ಕಾಣಿಸಿತು. ಹನ್ನೆರಡು ವರ್ಷದ ಹುಡುಗ ಯೋಸೆಫ್ ಯೋವಾಖಿಮ್, ಮೆಂಡೆಲ್ಸನ್ ನಿರ್ದೇಶನದಲ್ಲಿ, ಬೇಥೋವನ್ನನ ಪಿಟೀಲು ಕಂಚೆರ್ಟೊ ನುಡಿಸಿದ. ಆಗ ಆ ಕೃತಿಯನ್ನು ಕಛೇರಿಗಳಲ್ಲಿ ಕೇಳುವುದೇ ಅಪರೂಪವಾಗಿತ್ತು. ಕೈಯ ಕಸುವೆಲ್ಲವನ್ನೂ ಕೃತಿಯ ಹಿಂದೆ ಅಡಗಿಸುವವನೇ ದೊಡ್ಡ ಕಲಾವಿದ ಎಂಬ ನಂಬಿಕೆ ಅಲ್ಲಿಂದ ಮುಂದೆ ಬಲವಾಯಿತು, ದೊಡ್ಡವನಾದ ಯೋವಾಖಿಮ್ ಅದರ ಮೂರ್ತಿಯೇ ಆದ. ಇಂಗ್ಲಿಷ್ ವಿಮರ್ಶೆಯಲ್ಲಿ ವರ್ಚುಯೋಸೊ ಪದದ ಹಿಂದೆ ‘ಬರೀ’ ಎಂಬ ವಿಶೇಷಣ ಸೇರಿಕೊಂಡದ್ದು ಈ ಹವೆಯಲ್ಲಿ. ಬರೀ ವರ್ಚುಯೋಸೊ, ಟೊಳ್ಳು ವರ್ಚುಯಾಸಿಟಿ. ಗಿಮ್‌ಕ್ರ್ಯಾಕನ ಮೇಲೆ ಹೊರಿಸಿದ್ದ ಹಳೆಯ ಆಪಾದನೆಯೇ ಇದು, ವೇಷ ಬದಲಿಸಿದೆ ಅಷ್ಟೆ. ಅವನು ನೀರಿಗಿಳಿಯದೆ ಈಜುತ್ತಾನೆ ಎಂದರು. ಇವನು ಸಂಗೀತಕ್ಕಿಳಿಯದೆ ಪಿಟೀಲು ನುಡಿಸುತ್ತಾನೆ ಎಂದರು.

ಇವತ್ತಿನ ಇಂಗ್ಲಿಷಿನಲ್ಲಿ ಈ ಪದರಗಳೆಲ್ಲ ಒಟ್ಟಿಗೇ ಉಳಿದಿವೆ. ಬಹುವಚನಕ್ಕೆ ಇಟಲಿಯ ‘ವರ್ಚುಯೋಸಿ’ಯೂ ನಡೆಯುತ್ತದೆ, ಇಂಗ್ಲಿಷಿನ ‘ವರ್ಚುಯೋಸೋಸ್’ ಕೂಡ ನಡೆಯುತ್ತದೆ. ಹೆಂಗಸರಿಗಿದ್ದ ‘ವರ್ಚುಯೋಸಾ’ ಬಹುಮಟ್ಟಿಗೆ ಬಿದ್ದುಹೋಗಿದೆ. ಗಂಡಸು ಎಂಬ ಬೇರಿನಿಂದ ಹುಟ್ಟಿದ ಪುಲ್ಲಿಂಗ ರೂಪವೇ ಎಲ್ಲರಿಗೂ ಸಲ್ಲುತ್ತದೆ. ಹರಾಜು ಕಟ್ಟೆಗಳ ಪಟ್ಟಿಯಲ್ಲಿ ನಶ್ಯದ ಡಬ್ಬಿ, ಬೆಳ್ಳಿ ಕುಸುರಿಯಂಥ ಸಾಮಾನಿಗೆ ‘ಆಬ್ಜೆಕ್ಟ್ಸ್ ಆಫ್ ವರ್ಟು’ ಎಂಬ ಹೆಸರು ಈಗಲೂ ಇದೆ. ಅರುಂಡೆಲ್ಲಿನ ಕಾಲದ ಅರ್ಥ ಅಲ್ಲಿ ಪಳೆಯುಳಿಕೆಯಾಗಿ ಕೂತಿದೆ. ವಿಶೇಷಣವಾದ ಮೇಲಂತೂ ಪದಕ್ಕೆ ಬೇಲಿಯೇ ಇಲ್ಲ. ವಕೀಲನ ವಾದ, ಬಾಣಸಿಗನ ಅಡುಗೆ, ಫುಟ್ಬಾಲ್ ಆಟಗಾರನ ಓಟ ಎಲ್ಲವೂ ‘ವರ್ಚುಯೋಸೊ ಪರ್ಫಾರ್ಮೆನ್ಸ್’. ಹತ್ತಿರದ ಪದಗಳಿಂದ ಇದನ್ನು ಬೇರ್ಪಡಿಸುವ ಗೆರೆಯೂ ಇದೆ. ‘ಮೈಸ್ಟ್ರೊ’ ಎಂದರೆ ಗುರುಸ್ಥಾನ, ಹಿರಿತನ. ‘ಪ್ರಾಡಿಜಿ’ ಎಂದರೆ ವಯಸ್ಸಿಗೆ ಮೀರಿದ ಶಕ್ತಿ. ವರ್ಚುಯೋಸೊ ಎನ್ನಲು ಹಿರಿತನವೂ ಬೇಡ, ಎಳೆತನವೂ ಬೇಡ. ಕಣ್ಣೆದುರು ನಡೆಯುವ, ನೋಡಿದವರು ಬಾಯಿ ಬಿಡುವಂಥ ಕೌಶಲ ಬೇಕು. ಒಂಟಿಯಾಗಿ ಮನೆಯಲ್ಲಿ ಕೂತು ವರ್ಚುಯೋಸೊ ಆಗುವುದು ಕಷ್ಟ. ಬೆರಗಾಗುವವರು ಎದುರಿಗೆ ಇರಬೇಕು.

ಇಷ್ಟೆಲ್ಲ ತಿಳಿದ ಮೇಲೆ ಕನ್ನಡಕ್ಕೆ ಬಂದರೆ, ನಮ್ಮ ಪದಗಳೂ ಸುಮ್ಮನಿಲ್ಲ ಎಂದು ಕಾಣುತ್ತದೆ. ‘ವಿದ್ವಾನ್’ ಎಂಬ ನಮ್ಮ ಬಿರುದು ಅರಿವಿನ ಬೇರಿನದು. ಬೆರಳು ಎಷ್ಟೇ ಓಡಲಿ, ಶಾಸ್ತ್ರ ತಿಳಿಯದಿದ್ದರೆ ಆ ಹೆಸರು ಸಲ್ಲದು ಎಂಬ ನಿರೀಕ್ಷೆ ಅದರಲ್ಲಿದೆ. ಹೆಂಗಸರಿಗೆ ‘ವಿದುಷಿ’ ಇನ್ನೂ ಜೀವಂತವಾಗಿದೆ. ಮೈಸೂರು ಸೀಮೆಯ ಜನರಂತೂ ವಿಶೇಷಣದ ಗೋಜಿಗೇ ಹೋಗಲಿಲ್ಲ. ವಾದ್ಯವನ್ನೇ ಹೆಸರಿನ ಹಿಂದೆ ಮನೆತನದ ಹೆಸರಿನ ಹಾಗೆ ಸೇರಿಸಿಬಿಟ್ಟರು. ವೀಣೆ ಶೇಷಣ್ಣ, ಪಿಟೀಲು ಚೌಡಯ್ಯ. ನಾಲ್ಕರ ಜಾಗದಲ್ಲಿ ಏಳು ತಂತಿ ಕಟ್ಟಿ ಪಿಟೀಲು ನುಡಿಸಿದ ಚೌಡಯ್ಯನವರನ್ನು ಇಂಗ್ಲಿಷಿನಲ್ಲಿ ವರ್ಚುಯೋಸೊ ಎಂದರೆ ಹೊಗಳಿಕೆ. ‘ಪಿಟೀಲು ಚೌಡಯ್ಯ’ ಎಂದರೆ ಆ ಮನುಷ್ಯನೂ ಆ ವಾದ್ಯವೂ ಬೇರೆಯಲ್ಲ ಎಂಬ ಒಪ್ಪಿಗೆ. ಅಲ್ಲಿ ಅನುಮಾನಕ್ಕೆ ಜಾಗವಿಲ್ಲ. ಅನುಮಾನ ಹೇಳಬೇಕಾದಾಗ ನಮ್ಮಲ್ಲಿ ಬೇರೆಯೇ ಪದಗಳಿವೆ: ಕೈಚಳಕ, ಕಸರತ್ತು, ಸರ್ಕಸ್ಸು.

ನಾನು ಮೊದಲು ಪಕ್ಕಕ್ಕಿಟ್ಟಿದ್ದ ‘ಪ್ರವೀಣ’ದ ಕಥೆ ಇನ್ನೂ ಸ್ವಾರಸ್ಯದ್ದು. ವೀಣೆ ನುಡಿಸುವುದರಲ್ಲಿ ಚೆನ್ನಾಗಿ ನುರಿತವನು ಎಂಬುದು ಆ ಪದದ ಮೂಲಾರ್ಥ ಎಂದು ನಮ್ಮ ಅಲಂಕಾರಶಾಸ್ತ್ರದ ಪಾಠಗಳಲ್ಲಿ ಹೇಳಿಕೊಂಡು ಬಂದಿದ್ದಾರೆ. ವೀಣೆ ಮರೆತುಹೋಗಿ ನಿಪುಣತೆಯಷ್ಟೇ ಉಳಿದದ್ದಕ್ಕೆ ಅದು ಉದಾಹರಣೆ. ದರ್ಭೆ ಕೊಯ್ಯುವ ‘ಕುಶಲ’ ಎಲ್ಲ ಕೆಲಸಗಳ ಕುಶಲನಾದ ಹಾಗೆ. ಹಾಗಾದರೆ ನಮ್ಮ ಪದ ಸಂಗೀತದಿಂದ ಹೊರಟು ಅಡುಗೆಗೂ ಇಸ್ಪೀಟಿಗೂ ಹರಡಿತು. ಇಂಗ್ಲಿಷಿನದು ನಾಣ್ಯ, ಚಿಟ್ಟೆ, ಗಾಳಿಗಳಿಂದ ಹೊರಟು ಸಂಗೀತಕ್ಕೆ ಬಂತು, ಅಲ್ಲಿಂದ ಮತ್ತೆ ಅಡುಗೆಗೂ ಫುಟ್ಬಾಲಿಗೂ ಹೋಯಿತು. ಎದುರು ಬದುರು ನಡೆದ ಎರಡು ಪದಗಳು ಒಂದೇ ಚೌಕದಲ್ಲಿ ಸೇರಿವೆ.

ಆದ್ದರಿಂದ ಈಗ ಈ ಪದಕ್ಕೆ ಒಂದೇ ಕನ್ನಡ ಸಮಾನಾರ್ಥವನ್ನು ಹುಡುಕುವುದನ್ನು ಬಿಟ್ಟಿದ್ದೇನೆ. ಮೂಲದ ವಾಕ್ಯ ಯಾವ ಕಡೆ ವಾಲಿದೆ ಎಂದು ಮೊದಲು ನೋಡುತ್ತೇನೆ. ಬರೆದವರು ಬೆರಗಾಗಿದ್ದರೆ ‘ಪಳಗಿದ ಕೈ’ ಅನ್ನುತ್ತೇನೆ. ವರ್ಷಗಟ್ಟಲೆಯ ದುಡಿಮೆ ಆ ಎರಡು ಪದಗಳಲ್ಲಿದೆ. ಒಳಗೊಳಗೆ ಅನುಮಾನಿಸಿದ್ದರೆ ‘ಕೈಚಳಕ’ ಅನ್ನುತ್ತೇನೆ. ಎರಡೂ ಇದ್ದು ಬಿಡಿಸಲು ಬಾರದಿದ್ದರೆ ‘ಪ್ರವೀಣ’ನನ್ನು ವೀಣೆಯ ನೆನಪಿನ ಸಮೇತ ಕರೆತರುತ್ತೇನೆ. ಯಾವುದನ್ನು ಆರಿಸಿದರೂ ಅದು ಆ ಕಲಾವಿದರ ಬಗೆಗಿನ ತೀರ್ಪೇ ಆಗುತ್ತದೆ. ಓದಿದವರು ಅದೇ ಕಿವಿಯಿಂದ ಮುಂದೆ ಅವರನ್ನು ಕೇಳುತ್ತಾರೆ. ಹುಕ್ ನಾಟಕಶಾಲೆಯಿಂದ ತಲೆ ತಗ್ಗಿಸಿ ಹೊರಬಂದದ್ದು ಅವನ ಕೆಲಸ ಕೀಳಾಗಿತ್ತೆಂದಲ್ಲ. ಆ ಸಂಜೆ ಸುತ್ತಲಿನವರ ಬಾಯಲ್ಲಿ ಅವನ ಕೆಲಸಕ್ಕಿದ್ದ ಪದ ಹಾಗಿತ್ತು.